ಎರಡು ಸೀಟಿನ ದುಡ್ಡು

ಜೋಹಾನ್ಸ್‌ಬರ್ಗಿನ ಟ್ಯಾಕ್ಸಿ ನಿಲ್ದಾಣದಲ್ಲಿ, ಬೆಳಕು ಹರಿಯುವ ಮೊದಲೇ,
ಮುದುಕಿ ಎರಡು ಸೀಟಿನ ದುಡ್ಡು ಎಣಿಸಿ ಕೊಟ್ಟಳು.
ಒಂದು ಅವಳಿಗೆ. ಇನ್ನೊಂದು
ಕಂಕುಳಲ್ಲಿದ್ದ ಎಲಚಿಯ ಕೊಂಬೆಗೆ.

ನಾನು ಡ್ರೈವರು. ನಮ್ಮಲ್ಲಿ ಇದನ್ನು ಕೇಳುವುದಿಲ್ಲ.
ಆದರೂ ಬಾಯಿ ತಪ್ಪಿ ಅಂದೆ: "ಗೊಗೊ, ಕೊಂಬೆಯದು ಬೇಡ, ಬಿಡು."
ಅವಳು ಉತ್ತರಿಸಿದ್ದು ನನಗಲ್ಲ, ಕೊಂಬೆಗೆ:
"ಕೇಳಿಸಿತೇ, ಬೆಕುಮುಜಿ? ಪುಕ್ಕಟೆ ಕರೆದೊಯ್ಯುತ್ತಾನಂತೆ.
ಸಾಲಗಾರನಾಗಿ ಮನೆ ಹೊಕ್ಕರೆ ನಿನ್ನಪ್ಪ ಏನಂದಾನು?"
ದುಡ್ಡು ಜೇಬಿಗಿಟ್ಟೆ.

ಬೆಕುಮುಜಿ ಎಂದರೆ ಮನೆ ನೋಡಿಕೊಳ್ಳುವವನು.
ನೋಡಿದ್ದು ಇಪ್ಪತ್ತೆರಡು ವರ್ಷ ಚಿನ್ನದ ಗಣಿಯ ಕತ್ತಲನ್ನು,
ಆಮೇಲೆ ಆಸ್ಪತ್ರೆಯ ಗೋಡೆಯನ್ನು.
ದೇಹ ಶನಿವಾರವೇ ವ್ಯಾನಿನಲ್ಲಿ ಊರು ಸೇರಿತ್ತು.
ಅವನು ಮಾತ್ರ ಆ ಮಂಚದ ಬಳಿಯೇ ಉಳಿದಿದ್ದ,
ದಾರಿ ಗೊತ್ತಿಲ್ಲದೆ, ಚಪ್ಪಲಿ ಹುಡುಕುತ್ತ.
(ಇದೆಲ್ಲ ಅವಳು ಕೊಂಬೆಗೆ ಹೇಳಿದ್ದು,
ನನ್ನ ಕಿವಿಗೆ ಬಿದ್ದದ್ದು.)

ಆ ಮರಕ್ಕೆ ಗೆಣ್ಣುಗೆಣ್ಣಿಗೂ ಜೋಡಿ ಮುಳ್ಳು:
ಒಂದು ನೆಟ್ಟಗೆ, ಹೋಗುವ ಕಡೆಗೆ;
ಒಂದು ಕೊಕ್ಕೆಯಾಗಿ, ಬಂದ ಕಡೆಗೆ.
ಸತ್ತವನಿಗೆ ಎರಡೂ ಬೇಕು, ಅನ್ನುತ್ತಿದ್ದ ನನ್ನಜ್ಜ.
ಬದುಕಿದ್ದವನಿಗೋ, ಎಂದು ನಾನು ಕೇಳಲಿಲ್ಲ.

ಎರ್ಮೆಲೋದಲ್ಲಿ ಹುಡುಗನೊಬ್ಬ ಹತ್ತಿದ, ಕಿವಿಯಲ್ಲಿ ಹಾಡು.
ಖಾಲಿ ಸೀಟೆಂದು ಕೂರಹೋದ.
ಗಾಡಿಗೆ ಗಾಡಿಯೇ "ಏಯ್!" ಅಂದಿತು.
ಟೋಪಿ ತೆಗೆದ. ಮೂಲೆಯಲ್ಲಿ ಮುದುಡಿದ.
ಸ್ವಲ್ಪ ಹೊತ್ತಿಗೆ ಹಾಡನ್ನೂ ನಿಲ್ಲಿಸಿದ.

ತಿರುವು ಬಂದಲ್ಲೆಲ್ಲ ಅವಳ ದನಿ:
"ಈಗ ಎಡಕ್ಕೆ, ಮಗನೇ. ಈಗ ಕಬ್ಬಿನ ಗದ್ದೆ.
ಇಗೋ ಪೊಂಗೊಲಾ ಹೊಳೆ.
ನೀರಿಗೆ ಹೆದರಬೇಡ, ಸೇತುವೆಯಿದೆ, ನನ್ನ ಕಂಬಳಿ ಹಿಡಿದುಕೋ."
ಸೇತುವೆಯ ಮೇಲೆ ನಾನು ವೇಗ ತಗ್ಗಿಸಿದೆ.
ಹದಿನೆಂಟು ವರ್ಷದಲ್ಲಿ ಹಾಗೆ ಮಾಡಿದ್ದಿಲ್ಲ.
ಹಿಂದಿನ ಲಾರಿಯವ ಹಾರ್ನ್ ಹೊಡೆದು ಬೈದ.

ನೊಂಗೊಮಾದ ಆಚೆ ದನದ ದೊಡ್ಡಿ,
ದುಂಡನೆಯ ಗುಡಿಸಲು, ಗೂಟಕ್ಕೆ ಕಟ್ಟಿದ ಮೇಕೆ.
ಅಂಗಳದಲ್ಲಿದ್ದವರು ಅವಳನ್ನು ಮಾತಾಡಿಸಲಿಲ್ಲ,
ಕೊಂಬೆಗೆ ದಾರಿ ಬಿಟ್ಟರು.
"ಬಾಗಿಲು ಗಿಡ್ಡ, ತಲೆ ಬಗ್ಗಿಸು," ಎಂದಳು,
ಇಪ್ಪತ್ತೆರಡು ವರ್ಷ ನೆಲದಡಿ ಬಗ್ಗಿದ್ದವನಿಗೆ.

ಮರುದಿನ ಗಾಡಿ ಗುಡಿಸುವಾಗ
ಸೀಟಿನ ಹೊದಿಕೆಯಲ್ಲಿ ಒಂದು ಮುಳ್ಳು.
ಕೊಕ್ಕೆಯದು.
ಕೀಳಲು ಹೋದ ಕೈ ಹಾಗೇ ನಿಂತಿತು.
ಇನ್ನೂ ಅಲ್ಲೇ ಇದೆ. ಮೂರನೆಯ ಸಾಲು, ಕಿಟಕಿ ಪಕ್ಕ.
ನೋಡಿಕೊಂಡು ಕೂತುಕೊಳ್ಳಿ.