ಒಳಹೋದದ್ದು, ಹೊರಬಂದದ್ದು

ಹಲ್ ನಗರ, ಹದಿನಾಲ್ಕನೇ ವಾರ್ಡು, ನಸುಕಿನ ನಾಲ್ಕು.
ಇಪ್ಪತ್ತೆಂಟು ಮಂಚ, ನಾವು ಇಬ್ಬರು.
ಮೂರನೆಯವಳು ಬ್ರೋನ್ವೆನ್, ಬೆನ್ನು ಹಿಡಿದು
ಮನೆಯಲ್ಲಿ ಮಲಗಿ ಇಂದಿಗೆ ಹತ್ತು ದಿನ.

ಪ್ರತಿ ಮಂಚದ ಕಾಲಿಗೊಂದು ಹಾಳೆ:
ಒಳಹೋದದ್ದು ಎಷ್ಟು, ಹೊರಬಂದದ್ದು ಎಷ್ಟು.
ಆರನೇ ಮಂಚ: ಚಹಾ ನೂರೈವತ್ತು, ಸಲೈನ್ ಐನೂರು,
ಚೀಲದಲ್ಲಿ ಮುನ್ನೂರ ಹತ್ತು, ಬಣ್ಣ ಕಡುಹಳದಿ.
ಹನಿಹನಿಗೂ ಲೆಕ್ಕ ಇಡುತ್ತೇನೆ,
ಬೆಟಗೇರಿಯ ನಮ್ಮ ಓಣಿಯಲ್ಲಿ
ಅವ್ವ ಹಾಸಿನ ಎಳೆ ಎಣಿಸಿದ ಹಾಗೆ.
ಹಾಳೆ ಕೈಗೆ ಸಿಗದಾಗ ಅಂಗೈಯೇ ಹಾಳೆ;
ಜೆಲ್ಲಿಗೆ ಒಡೆದ ಚರ್ಮ,
ಶಾಯಿ ಬಿರುಕಿಗಿಳಿದು ಉರಿಯುತ್ತದೆ.

ನಾನು?
ಸಂಜೆ ಏಳಕ್ಕೆ, ಬಸ್ಸಿನಲ್ಲಿ, ಒಂದು ಗುಟುಕು.
ಕುಡಿದರೆ ಹೋಗಬೇಕಾಗುತ್ತದೆ,
ಹೋದರೆ ಹನ್ನೊಂದನೇ ಮಂಚದಾಕೆ ಎದ್ದು ಬೀಳುತ್ತಾರೆ.
ಕುಡಿಯುವುದಿಲ್ಲ.
ಈ ಚಳಿಗಾಲ ಎರಡು ಸಲ ಉರಿಮೂತ್ರ.
ಮುಟ್ಟು ನಿಂತು ಮೂರು ತಿಂಗಳು; ಬಸಿರಲ್ಲ,
ಒತ್ತಡ, ಎಂದರು ಡಾಕ್ಟರಮ್ಮ, ಗಡಿಯಾರ ನೋಡುತ್ತ.
ಅವರ ಕಣ್ಣ ಕೆಳಗೂ ನನ್ನದೇ ಕಪ್ಪು.

ಮನೆಯಲ್ಲಿ ಫ್ರಿಜ್ಜು ಕೂಗಿದರೆ
ಯಾರದೋ ಉಸಿರು ನಿಂತಿತೆಂದು ಹಾಸಿಗೆಯಿಂದ ಓಡುತ್ತೇನೆ.
ಬಾಗಿಲು ಸರಿಯಾಗಿ ಮುಚ್ಚಿರುವುದಿಲ್ಲ, ಅಷ್ಟೆ. ಒಳಗೆ ಮೊಸರು.

ಹೋದ ತಿಂಗಳು ಮೇಲಿನ ಆಫೀಸಿನಿಂದ ಯಾರೋ ಬಂದು
ಉಸಿರಾಡುವುದು ಹೇಗೆಂದು ಕಲಿಸಿದರು,
ನಮ್ಮ ಊಟದ ಅರ್ಧ ಗಂಟೆಯಲ್ಲಿ.
ನಾಲ್ಕು ಎಣಿಸಿ ಒಳಗೆ, ನಾಲ್ಕು ಎಣಿಸಿ ಹೊರಗೆ.
ಮೂರು ಎಣಿಸುವಷ್ಟರಲ್ಲಿ ಗಂಟೆ ಬಾರಿಸಿತು.
ಆ ಒಂದು ಉಸಿರು ಇನ್ನೂ ನನ್ನೊಳಗೇ ಇದೆ.

ಆರನೇ ಮಂಚದ ಮಿಸ್ಟರ್ ಸ್ಟೇದರ್ಸ್,
ಐಸ್‌ಲ್ಯಾಂಡಿನ ಕಡಲಲ್ಲಿ ಮೂವತ್ತು ವರ್ಷ ಬಲೆ ಎಳೆದವರು.
ದಿನಾ ಅವರ ಮುಂಗೈ ಚಿವುಟಿ ನೋಡುತ್ತೇನೆ,
ಚರ್ಮ ಎಷ್ಟು ಬೇಗ ಕೂರುತ್ತದೆಂದು.
ಈ ಹೊತ್ತು ಅವರೇ ನನ್ನ ಕೈ ತಿರುಗಿಸಿ
ಮೆಲ್ಲಗೆ ಚಿವುಟಿದರು.
ಎದ್ದ ಮಡಿಕೆ ಎದ್ದೇ ನಿಂತಿತು.
'ಲವ್,' ಎಂದರು (ಇಲ್ಲಿ ಎಲ್ಲರಿಗೂ ಹಾಗೇ,
ನಾವು ಯವ್ವಾ ಅಂದಂತೆ),
'ನೀ ನನಗಿಂತ ಒಣಗಿದ್ದೀಯಲ್ಲ.'
ಮುಚ್ಚಿಟ್ಟಿದ್ದ ಲೋಟ ಮುಂದೆ ತಳ್ಳಿದರು.

ಕುಡಿದೆ. ನಿಂತೇ.
ನೂರೈವತ್ತು.
ಕೈ ತಾನಾಗಿ ಪೆನ್ನಿಗೆ ಹೋಯಿತು;
ಅವರ ಹಾಳೆಯಲ್ಲಿ ಬರೆದರೆ ಸುಳ್ಳು,
ನನ್ನ ಹಾಳೆ ಯಾವ ಮಂಚಕ್ಕೂ ಕಟ್ಟಿಲ್ಲ.
ಹನ್ನೊಂದರ ಗಂಟೆ.
ನಡೆಯುತ್ತಲೇ ಅಂಗೈಯಲ್ಲಿ, ಬಿರುಕಿನ ಪಕ್ಕ, ಬರೆದುಕೊಂಡೆ.

ಬೆಳಗಾಗುವಷ್ಟರಲ್ಲಿ
ಹದಿನೆಂಟು ಸಲ ಕೈ ತೊಳೆದಿದ್ದೆ.