ಯಾರೂ ನೋಡದಾಗ ಬರುವ ಚಿತ್ರ

ಟಿವಿ ಏನೋ ಬಿಟ್ಟಿ ಬಂತು.
ವೀಸಾ ಕ್ಯಾನ್ಸಲಾಗಿ ಹೊರಟ ಪಕ್ಕದ ಕೋಣೆಯವ
ಮೂವತ್ತು ಕೇಜಿಯೊಳಗೆ ಹಿಡಿಸದ್ದನ್ನೆಲ್ಲ
ನಮ್ಮ ಬಾಗಿಲಿಗೆ ಒರಗಿಸಿ ಹೋದ:
ಇಸ್ತ್ರಿಪೆಟ್ಟಿಗೆ, ಅರ್ಧ ಚೀಲ ಕುಚ್ಚಲಕ್ಕಿ, ಇದು.

ಹಳೇ ಮಾಲು. ಬೆನ್ನಲ್ಲಿ ಒಂದೇ ಒಂದು ಎಚ್‌ಡಿಎಂಐ ತೂತು.
ಅದಕ್ಕೆ ಸಿಕ್ಕಿಸಲು ಡಬ್ಬಿಯೊಂದು ಬೇಕು,
ಇಲ್ಲದಿದ್ದರೆ ಬರೀ ಕಪ್ಪು ಗಾಜು.
ಆರು ಮಂಚ, ಆರು ಲುಂಗಿ, ಮೂಲೆಯ ಕುಕ್ಕರು
ನಮ್ಮನ್ನೇ ನಮಗೆ ತೋರಿಸುತ್ತ ಕೂತಿತ್ತು ಎರಡು ವಾರ.
ತ್ಯಾಂಪಣ್ಣ ಮಾತ್ರ ಡ್ಯೂಟಿಯಿಂದ ಬಂದವನೇ
ಹಳೇ ಬನಿಯನ್ನಿನಲ್ಲಿ ಅದನ್ನು ಒರೆಸುವನು.
ಗಾಜು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ.

ರಜೆಯ ಸಂಜೆ ಆರೂ ಮಂದಿ ರೋಲಾಕ್ಕೆ ಹೊರಟೆವು,
ಹೆಣ್ಣು ನೋಡಲು ಹೊರಟ ದಿಬ್ಬಣದ ಹಾಗೆ.

ಎಂಬತ್ತು ದಿರಮಿಗೆ ಒಂದು, ಹೆಸರಿಲ್ಲದ್ದು,
ಸಾವಿರ ಚಾನೆಲ್ಲು ಅಂತ ಮೈತುಂಬ ಬರೆದದ್ದು.
"ಬೇಡ ಮಾರಾಯ, ನನ್ನ ಭಾವನದ್ದು
ಕಾವಲಿ ಹಾಗೆ ಕಾದು ನಾಲ್ಕೇ ತಿಂಗಳಿಗೆ ಸತ್ತಿತು"
ಅಂದ ಬಾಸಿಲ್.
ನೂರ ಇಪ್ಪತ್ತಕ್ಕೆ ಇನ್ನೊಂದು, ಹೆಬ್ಬೆರಳಿನಷ್ಟು ಕಡ್ಡಿ.
ಮಾತಾಡಿದರೆ ಕೇಳುವ ರಿಮೋಟು.
ಇದಿನಬ್ಬ ಅದರ ಬಾಯಿಗೆ ಬಾಯಿಟ್ಟು ಬ್ಯಾರಿಯಲ್ಲಿ ಏನೋ ಕೇಳಿದ,
ಅದು ಹವಾಮಾನ ಹೇಳಿತು:
ಶಾರ್ಜಾ, ನಲವತ್ತೆರಡು ಡಿಗ್ರಿ, ಧೂಳು.
ನಾನು ಏಸಿ ರಿಪೇರಿಯವ. ವೈಫೈ ಎಷ್ಟು ತಿನ್ನುತ್ತದೆ,
ಗ್ಯಾರಂಟಿ ಎಷ್ಟು ಅಂತ ಕೇಳುತ್ತಿದ್ದೆ.

"ಮನೆಗೋ?" ಅಂದ ಅಂಗಡಿಯ ಹುಡುಗ.
ಮುಖ ಮುಖ ನೋಡಿಕೊಂಡು ಹೌದೆಂದೆವು.
"ಮಕ್ಕಳು ಉಂಟಾ? ಇದರಲ್ಲಿ ಮಕ್ಕಳಿಗೆ ಲಾಕ್ ಉಂಟು."
"ಉಂಟು" ಅಂದ ಬಾಸಿಲ್.
ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ಇಲ್ಲ."

ತ್ಯಾಂಪಣ್ಣ ಎಲ್ಲಿ?
ಗೋಡೆಯಷ್ಟು ಅಗಲದ ಪರದೆಯ ಮುಂದೆ ಕೈ ಕಟ್ಟಿ ನಿಂತಿದ್ದ.
ಅದರಲ್ಲಿ ಮಾತಿಲ್ಲ, ಕತೆಯಿಲ್ಲ,
ಹಿಮದ ಬೆಟ್ಟವೊಂದು ಮೆಲ್ಲ ಮೆಲ್ಲ ಜಾರುತ್ತಿತ್ತು ಕೆಳಗೆ,
ನೋಡುವವ ಹಕ್ಕಿಯೋ ಎಂಬಂತೆ.
"ಇದು ಯಾವ ಡಬ್ಬಿಯಲ್ಲಿ ಬರುತ್ತದೆ?"
"ಅದು ಪ್ರೋಗ್ರಾಮಲ್ಲ ಚೇಟಾ,
ಯಾರೂ ಏನೂ ನೋಡದಿದ್ದಾಗ ತಾನಾಗಿ ಬರುವುದು."
"ಅದೇ. ಯಾವುದರಲ್ಲಿ?"

ಎಲ್ಲಕ್ಕಿಂತ ದುಬಾರಿಯದರಲ್ಲಿ.
ನೂರು ದಿರಮು ಜಾಸ್ತಿ.
ಐದು ಮಂದಿ ಬೇಡವೆಂದೆವು.
ಅವನು ಗೋಡೆಯ ಕಡೆ ತಿರುಗಿ, ಅಂಗಿಯೊಳಗಿನ ಜೇಬಿನಿಂದ
ಬೆವರಿಗೆ ಅಂಟಿಕೊಂಡ ನೋಟೊಂದನ್ನು ಬಿಡಿಸಿ
ಗಲ್ಲೆಯ ಮೇಲಿಟ್ಟ.

ಕೋಣೆಗೆ ತಂದು ಸಿಕ್ಕಿಸಿದರೆ
"ಯಾರು ನೋಡುತ್ತಿದ್ದೀರಿ?" ಅಂತ ಕೇಳಿತು ಡಬ್ಬಿ.
ಐದು ಹೆಸರಿಗೆ ಮಾತ್ರ ಜಾಗ.
"ನನಗೆ ಬೇಡ" ಅಂದು
ತ್ಯಾಂಪಣ್ಣ ಮೇಲಿನ ಮಂಚ ಹತ್ತಿದ.

ಮೊನ್ನೆ ರಾತ್ರಿ ಮ್ಯಾಚು ಮುಗಿದು
ಆರಿಸಲೂ ತ್ರಾಣವಿಲ್ಲದೆ ಬಿದ್ದಿದ್ದೆವು.
ಹಿಮ ಹೋಯಿತು. ಯಾವುದೋ ನದಿ ಹೋಯಿತು.
ಆಮೇಲೆ ಇರುಳು, ದುಬೈ,
ದೀಪ ಹಚ್ಚಿಕೊಂಡು ನಿಂತ ಗೋಪುರಗಳ ನೆತ್ತಿ.
ಮೇಲಿನ ಮಂಚ ಕಿರುಗುಟ್ಟಿತು.
"ಅದೋ, ಎಡಗಡೆ ಮೂರನೆಯದು.
ಮೂವತ್ತೊಂದರಿಂದ ಕೆಳಗೆ ಪೂರಾ ನನ್ನ ಹಗ್ಗ.
ಕಳೆದ ಮಂಗಳವಾರ ಒರೆಸಿದ್ದು."
ಚಿತ್ರ ಯಾವ ವರ್ಷದ್ದೋ. ಯಾರೂ ಹೇಳಲಿಲ್ಲ.

ಇದಿನಬ್ಬ ನಿಲ್ಲಿಸಲೆಂದು ರಿಮೋಟಿಗೆ ಕೈ ಚಾಚಿದ.
"ಮುಟ್ಟಬೇಡ! ಮುಟ್ಟಿದರೆ ಹೋಗುತ್ತದೆ."
ಕೈ ಗಾಳಿಯಲ್ಲೇ ನಿಂತಿತು.
ಉಸಿರು ಬಿಗಿಹಿಡಿದು ಆರು ಮಂದಿ,
ಗೋಪುರ ಒಂದೊಂದಾಗಿ ಅಂಚಿಗೆ ಜಾರುತ್ತ.

"ಇಷ್ಟು ಮೇಲಿಂದ ಕಲೆ ಕಾಣುವುದಿಲ್ಲ, ಅಲ್ಲ?"

ಇಲ್ಲ, ಅಂದೆವು.
ಅಷ್ಟರಲ್ಲಿ ಸಮುದ್ರ ಬಂತು.