ತಲೆ ಎಣಿಕೆ

ನೆಲಮಂಗಲ ಟೋಲಿನಲ್ಲಿ ಇನ್ನೊಂದು ಸಲ ಎಣಿಸಿದೆ.
ಮೂವತ್ತೆಂಟು.
ಎಲ್ಲರೂ ಬಾಯ್ತೆರೆದು ನಿದ್ದೆ. ಬಸ್ಸಿನ ಪರದೆಗೆಲ್ಲ ಒಣಮೀನಿನ ವಾಸನೆ.
ಕಾರವಾರದ ಸಂತೆಯಲ್ಲಿ ಯಾರೋ ಕಟ್ಟಿಸಿಕೊಂಡಿದ್ದಾರೆ,
ಯಾರೆಂದು ಕೇಳಿದರೆ
ಮೂವತ್ತೆಂಟೂ ಜನ ಸಸ್ಯಾಹಾರಿಗಳು.

ಗಾಜಿನಾಚೆ ಗೋದಾಮು, ಗ್ರಾನೈಟ್ ಅಂಗಡಿ, ಮತ್ತೆ ಗೋದಾಮು.
ಮೂರು ದಿನ ಕಡಲು ನೋಡಿದ ಕಣ್ಣಿಗೆ
ಅವೂ ಎದ್ದು ಬಿದ್ದು ಹಿಂದಕ್ಕೆ ಸರಿದವು.

ಜಾಲಹಳ್ಳಿ ಕ್ರಾಸು. ನಾಲ್ಕೂ ಮುಕ್ಕಾಲು. ಇಳಿದವರು ಆರು.
ಚಂಪಕಮಾಲ ಮೇಡಂ, ಮೂವತ್ತೊಂದು ವರ್ಷ ಭೂಗೋಳ ಹೇಳಿಕೊಟ್ಟವರು,
ಮೆಟ್ಟಿಲ ಮೇಲೇ ನಿಂತುಬಿಟ್ಟರು:
"ದ್ವೀಪ ಎಂದರೆ ನಾಲ್ಕೂ ಕಡೆ ನೀರಿರುವ ಭೂಭಾಗ.
ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೀನಿ ಗೊತ್ತಾ?
ಮೊನ್ನೆ ಒಳಗೆ ಹೋದ ಮೇಲೆ ನೋಡಿದರೆ
ನೀರೇ ಕಾಣಲಿಲ್ಲ ಮ್ಯಾನೇಜರೇ. ಮರ, ಗೋಡೆ,
ಆಮೇಲೆ ಬರೀ ಸದ್ದು."
ಆಟೋದವನು ಮೀಟರ್ ಮೇಲೆ ಐವತ್ತು ಕೇಳಿದ.
ಭೂಗೋಳ ಅಲ್ಲಿಗೆ ಮುಗಿಯಿತು.

ಮೂವತ್ತೆರಡು.
ಪೀಣ್ಯದುದ್ದಕ್ಕೂ ಮೆಟ್ರೋ ಕಂಬಗಳು, ಒಂದೊಂದಕ್ಕೂ ನಂಬರು.
ನನ್ನಂಥವನೇ ಯಾರೋ ಬರೆದಿರಬೇಕು.

ಗೊರಗುಂಟೆಪಾಳ್ಯದಲ್ಲಿ ಲಗ್ಗೆರೆ ಕಡೆಯ ಹನ್ನೊಂದು ಜನ.
ಅವರಲ್ಲಿ ಮುನಿಚೌಡಪ್ಪ. ಎರಡು ನೀರಿನ ಟ್ಯಾಂಕರಿನ ಧಣಿ.
ಹೊನ್ನಾವರದಲ್ಲಿ ಮೊದಲ ಬಾರಿ ಕಡಲು ಕಂಡಾಗ
ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ಸುಮ್ಮನಿದ್ದ.
"ಇಷ್ಟೊಂದು," ಅಂದ. "ಒಂದು ಲೋಡಿಗೂ ಬರಲ್ಲ."
ದುರ್ಗದ ದ್ವೀಪದಲ್ಲಿ, ಪಾಳುಗೋಡೆಯ ಮರೆಯಲ್ಲಿ, ಹಳೆಯ ಕೊಳವೊಂದು.
ಮಂಡಿಯೂರಿ, ಪಾಚಿ ಸರಿಸಿ, ಬೊಗಸೆಯಲ್ಲಿ ಮೊಗೆದು
ನಾಲಗೆಗೆ ತಾಗಿಸಿ ಕೂಗಿದ: "ಸಿಹಿ! ಸಿಹಿ ಕಣ್ರೀ!"
ಎಲ್ಲರೂ ಓಡಿ ಬಂದರು, ಕಳೆದ ಮಗು ಸಿಕ್ಕವರ ಹಾಗೆ.

ಆ ಕೋಟೆಯನ್ನು ಯಾರು ಕಟ್ಟಿದರು, ಯಾರು ಹಿಡಿದರು
ನಾನು ಹಾಳೆ ನೋಡಿಕೊಂಡು ಓದಿದ್ದೆ.
ಅರ್ಧವನ್ನು ಗಾಳಿ ಕಸಿಯಿತು.
ಉಳಿದರ್ಧ ಅನ್ವರ್ ಸಾಬರ ಮೊಮ್ಮಗ ಕೇಳಿಸಿಕೊಂಡ,
ಫೋನು ಸತ್ತಿತ್ತಲ್ಲ, ಪಾಪ.

ಇಪ್ಪತ್ತೊಂದು. ನವರಂಗ್ ಬಳಿ ಹದಿನಾಲ್ಕು ಇಳಿದರು,
ಹೂವಿನವಳು ಬುಟ್ಟಿ ಇಳಿಸುವ ಹೊತ್ತಿಗೆ. ಏಳು.

ಕೂರ್ಮಗಡದಲ್ಲಿ ಸಂಜೆ ಆದದ್ದನ್ನು ಇನ್ನೂ ಯಾರಿಗೂ ಹೇಳಿಲ್ಲ.
ಬೋಟು ಹತ್ತಿಸುವ ಮುಂಚೆ ಎಣಿಸಿದೆ: ಮೂವತ್ತೊಂಬತ್ತು.
ಮತ್ತೆ ಎಣಿಸಿದೆ. ಮೂವತ್ತೊಂಬತ್ತು.
ಕಡಿಮೆಯಾದರೆ ಏನು ಮಾಡಬೇಕೆಂದು ಗೊತ್ತು,
ಕೂಗಬೇಕು, ಬೈಯಬೇಕು, ಶೌಚಾಲಯದ ಬಾಗಿಲು ಬಡಿಯಬೇಕು.
ಹೆಚ್ಚಾದರೆ?
ಸೂರ್ಯ ಕಾಯಲಿಲ್ಲ, ಕೆಂಪಗೆ ಇಳಿಯುತ್ತಿದ್ದ.
ಬೋಟಿನ ಯಶವಂತ ಹರಿಕಂತ್ರ ಹಗ್ಗ ಸುತ್ತುತ್ತಾ
ತಲೆಯೆತ್ತದೆ ಅಂದ: "ನಿಮ್ಮನ್ನೂ ಸೇರಿಸ್ಕಂಡ್ರಿ ಅನಸ್ತದೆ."

ಆರು ವರ್ಷ ಈ ಕೆಲಸ. ಎಷ್ಟು ಕಡಲತಡಿ, ಎಷ್ಟು ಕೋಟೆ,
ಎಲ್ಲಕ್ಕೂ ಬೆನ್ನು ಕೊಟ್ಟು ನಿಂತವನು,
ಮುಖವೆಲ್ಲ ಗುಂಪಿನ ಕಡೆ, ತೋರುಬೆರಳು ಗಾಳಿಯಲ್ಲಿ.
ಅವತ್ತು ಯಾವ ಗಳಿಗೆಯಲ್ಲಿ ತಿರುಗಿ ನಿಂತೆನೋ.

ಆನಂದರಾವ್ ಸರ್ಕಲ್. ಕೊನೆಯ ಏಳು.
ಅನ್ವರ್ ಸಾಬರು ಕೈ ಕುಲುಕಿದರು, ಹುಡುಗ ನಿದ್ದೆಯಲ್ಲೇ ನಡೆದ.
ಡ್ರೈವರ್ ಸಿದ್ಧಲಿಂಗು ಟೀಗೆ ಇಳಿಯುತ್ತ ಹೇಳಿದ:
"ಸೀಟಿನ ಕೆಳಗೆ ನೋಡ್ಬಿಡಿ ಸಾರ್, ರಾತ್ರಿ ಧನುಷ್ಕೋಡಿ ಗುಂಪು."

ಒಂಟಿ ಚಪ್ಪಲಿ. ಕೋಡುಬಳೆ ಚೂರು.
ಬೊಗಸೆ ತುಂಬುವಷ್ಟು ಮರಳು.
ಇಪ್ಪತ್ತೊಂದನೇ ಸೀಟಿನಡಿ, ಪೇಪರಿನಲ್ಲಿ ಮೂರು ಸುತ್ತು ಸುತ್ತಿ
ದಾರ ಕಟ್ಟಿದ ಒಣಮೀನು.
ಪಟ್ಟಿ ತೆಗೆದು ನೋಡಿದೆ:
ಇಪ್ಪತ್ತೊಂದು, ಚಂಪಕಮಾಲ ಎಸ್., ಕಿಟಕಿ ಪಕ್ಕ, ಸಸ್ಯಾಹಾರ.

ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕಿಟಕಿ ಪಕ್ಕವೇ ಕೂತೆ.
ಬಸ್ಸಿನಲ್ಲಿ ಒಬ್ಬ.
ಅಭ್ಯಾಸ ನೋಡಿ, ಎರಡು ಸಲ ಎಣಿಸಿದೆ.